ಬೂದಿರಾಣಿಯ ಕೈ

ಇಪ್ಪತ್ತೊಂದು ವರ್ಷ ನಾನು ನನ್ನ ಚಿಕ್ಕಮ್ಮನನ್ನು ವಾರಕ್ಕೊಂದು ಸಲ ಸೋಲಿಸಿದ್ದೇನೆ. ಗೋಪುರದ ತುದಿಯಿಂದ ತಳ್ಳಿಸಿದ್ದೇನೆ, ಮಂಜುಗಡ್ಡೆಯಲ್ಲಿ ಹೂಳಿಸಿದ್ದೇನೆ, ಒಮ್ಮೆ ತಿಮಿಂಗಿಲದ ಹೊಟ್ಟೆಯಲ್ಲಿ ನಾಲ್ಕು ವಾರ ಕೂರಿಸಿದ್ದೇನೆ. ಇದಕ್ಕೆಲ್ಲ ನನಗೆ ಸಂಬಳವೂ ಬರುತ್ತಿತ್ತು.

ನಾನು ಮಕ್ಕಳ ಕಾಮಿಕ್ಸ್ ವಾರಪತ್ರಿಕೆಯೊಂದಕ್ಕೆ ಚಿತ್ರ ಬರೆಯುವವಳು. ನಮ್ಮ ನಾಯಕನ ಹೆಸರು ಉಕ್ಕಣ್ಣ. ಎದೆ ಬಾಗಿಲಿನಷ್ಟು ಅಗಲ, ಬುದ್ಧಿ ಬೀಗದ ಕೈಯಷ್ಟು. ಅವನ ವೈರಿ ಬೂದಿರಾಣಿ. ಅವಳು ಮುಟ್ಟಿದ್ದೆಲ್ಲ ಬೂದಿಯಾಗುತ್ತದೆ. ಕಥೆ ಬರೆಯುವವನು ಮೊದಲ ದಿನ ಅವಳ ಬಗ್ಗೆ ನನಗೆ ಕೊಟ್ಟದ್ದು ಒಂದೇ ಸಾಲು: ಭಯಂಕರ ಹೆಂಗಸು, ಮುಟ್ಟಿದರೆ ಬೂದಿ. ಮುಖ, ಮೈಕಟ್ಟು, ನಿಲ್ಲುವ ಭಂಗಿ ಎಲ್ಲ ನನಗೆ ಬಿಟ್ಟದ್ದು. ನಾನು ದೂರ ಹುಡುಕಲಿಲ್ಲ. ಮೊಣಕೈವರೆಗೆ ಮಡಚಿದ ರವಿಕೆಯ ತೋಳು, ಎಡಗಾಲಿನ ಮೇಲೆ ಭಾರ, ಒಂದು ಹುಬ್ಬು ಮೇಲೆ, ಹೊಗೆಗೆ ಕಿರಿದಾದ ಕಣ್ಣು. ಅಂಥ ಹೆಂಗಸು ಮನೆಯಲ್ಲೇ ಇದ್ದಳು.

ಅಮ್ಮ ತೀರಿಕೊಂಡಾಗ ನನಗೆ ಆರು ವರ್ಷ. ಏಳಕ್ಕೆ ಅಪ್ಪನ ಎರಡನೇ ಹೆಂಡತಿಯಾಗಿ ಚಿಕ್ಕಮ್ಮ ಬಂದಳು. ಬರುವಾಗ ಒಂದು ಪೆಟ್ಟಿಗೆ ಬಟ್ಟೆ, ಒಂದು ಇದ್ದಿಲಿನ ಇಸ್ತ್ರಿಪೆಟ್ಟಿಗೆ ತಂದಳು. ಮನೆಯ ಕೆಳಗಿನ ಕೋಣೆಯ ಬಾಗಿಲು ರಸ್ತೆಗೆ ತೆರೆದು ಇಸ್ತ್ರಿ ಅಂಗಡಿ ಹಾಕಿದಳು. ಬಂದ ಎಂಟನೇ ದಿನ ಅವಳು ನನ್ನ ಅಮ್ಮನ ಕಂಬಳಿಯನ್ನು ಸುಟ್ಟಳು. ಅಮ್ಮ ಕೊನೆಯ ತಿಂಗಳುಗಳಲ್ಲಿ ಹೊದ್ದಿದ್ದ ಹಸಿರು ಕಂಬಳಿ ಅದು. ನಾನು ಅದನ್ನು ಅಪ್ಪಿಕೊಂಡೇ ಮಲಗುತ್ತಿದ್ದೆ. ಅವಳು ಅದನ್ನು ಇದ್ದಿಲಿನ ಒಲೆಗೆ ತುರುಕಿ, ಪೂರ್ತಿ ಉರಿಯುವವರೆಗೂ ನಿಂತು ನೋಡಿದಳು. ಯಾಕೆ ಅಂತ ಹೇಳಲಿಲ್ಲ. ನಾನು ಅತ್ತೂ ಅತ್ತೂ ಮಲಗಿದೆ. ಆವತ್ತು ಹೊಟ್ಟೆಯೊಳಗೆ ಬಿದ್ದ ಕಿಡಿ ಆರಲೇ ಇಲ್ಲ. ಬೂದಿ ಮುಚ್ಚಿದ ಕೆಂಡದ ಹಾಗೆ ನನ್ನ ಜೊತೆಗೇ ದೊಡ್ಡದಾಯಿತು, ಕೊನೆಗೆ ನನಗೆ ಕೆಲಸವನ್ನೂ ಕೊಡಿಸಿತು.

ಅಪ್ಪ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ಜಗಳವೇನಿರಲಿಲ್ಲ. ಊಟ ಆಯ್ತಾ, ಬಾಗಿಲು ಹಾಕಿದ್ಯಾ, ಅಷ್ಟು ಮಾತು. ಆದರೆ ಗುರುವಾರ ಪತ್ರಿಕೆ ಬಂತೆಂದರೆ ಅವಳು ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ಮೊದಲ ಪುಟದಿಂದ ಕೊನೆಯವರೆಗೆ ಓದುತ್ತಿದ್ದಳು. ಗಿರಾಕಿ ಯಾರೇ ಆಗಲಿ, ಕಾಯಬೇಕು. ಉಕ್ಕಣ್ಣನ ಮಾತೆತ್ತಿದರೆ, "ಅವನಾ, ಬರೀ ಎದೆ" ಅನ್ನುತ್ತಿದ್ದಳು. ಬೂದಿರಾಣಿ ಯಾರೆಂದು ಅವಳಿಗೆ ಗೊತ್ತಿಲ್ಲ ಅಂತ ನಾನು ನಂಬಿದ್ದೆ. ಹಾಗೆ ನಂಬುವುದು ನನಗೆ ಅನುಕೂಲವಾಗಿತ್ತು.

ಒಂದು ಬುಧವಾರ ಬೆಳಿಗ್ಗೆ ಅವಳು ಪೆಟ್ಟಿಗೆಯ ಕೆಂಡ ಊದುತ್ತಿದ್ದಾಗ ಇದ್ದಿಲು ಸಿಡಿದು ಎರಡೂ ಕಣ್ಣಿಗೆ ಕಿಡಿ ಹಾರಿತು. ಕಣ್ಣಿನ ಡಾಕ್ಟರು ತೊಳೆದು, ಔಷಧಿ ಹಾಕಿ, ಎರಡಕ್ಕೂ ಕಟ್ಟು ಕಟ್ಟಿದರು. ಮುಂದಿನ ವಾರದ ಶುಕ್ರವಾರದವರೆಗೆ ಬಿಚ್ಚಬಾರದು, ಬೆಳಕು ತಾಗಬಾರದು ಅಂದರು. ನಾನು ಬರೆಯುವ ಮೇಜನ್ನು ಅವಳ ಕೋಣೆಗೇ ತಂದು ಹಾಕಿದೆ. ಪರದೆ ಎಳೆದೆ. ಮಧ್ಯಾಹ್ನದ ಬಿಸಿಲು ಆ ದಪ್ಪ ಬಟ್ಟೆಯೊಳಗಿಂದ ಸೋಸಿ ಬಂದು, ಕೋಣೆಯೆಲ್ಲ ಚಹಾದ ಬಣ್ಣವಾಯಿತು. ಕೆಳಗೆ ಅಂಗಡಿ ಮುಚ್ಚಿತ್ತು. ನಲವತ್ತು ವರ್ಷಕ್ಕೆ ಹತ್ತಿರವಾಗಿ ಮೊದಲ ಸಲ ಆ ಮನೆಯಲ್ಲಿ ಇದ್ದಿಲಿನ ವಾಸನೆ ಇರಲಿಲ್ಲ.

ಮರುದಿನ ಗುರುವಾರ. ಪತ್ರಿಕೆ ಬಾಗಿಲಿಗೆ ಬಿದ್ದ ಸದ್ದು ಅವಳಿಗೆ ನನಗಿಂತ ಮುಂಚೆ ಕೇಳಿಸಿತು.

"ಓದು," ಅಂದಳು.

"ಚಿತ್ರ ಇಲ್ದೆ ಏನು ಓದೋದು ಚಿಕ್ಕಮ್ಮ?"

"ಚಿತ್ರನ ಬಾಯಲ್ಲಿ ಹೇಳು. ಬರೆದೋಳು ನೀನೇ ತಾನೆ?"

ಆ ವಾರ ಬೂದಿರಾಣಿ ಒಂದು ಸೇತುವೆ ಸುಡುತ್ತಾಳೆ. ಮೂರನೇ ಚೌಕದವರೆಗೆ ಇದ್ದದ್ದನ್ನೇ ಹೇಳಿದೆ. ನಾಲ್ಕನೆಯದಕ್ಕೆ ಬಂದಾಗ ಕಟ್ಟು ಕಟ್ಟಿದ ಆ ಮುಖ ನನ್ನ ಕಡೆ ಸ್ವಲ್ಪ ವಾಲಿತು. ಎದುರಿಗೆ ಕೂತವಳಿಗೆ, ನೋಡಲಾಗದವಳಿಗೆ, ನೀನು ಹೀಗೆ ಹಲ್ಲು ಕಡಿಯುತ್ತಾ ಸೇತುವೆ ಸುಡುತ್ತೀಯ ಅಂತ ಹೇಳುವುದು ಬರೆದಷ್ಟು ಸುಲಭವಲ್ಲ.

"ಸೇತುವೆ ಮೇಲೆ ಒಂದು ಮಗು ಸಿಕ್ಕಿಹಾಕಿಕೊಂಡಿದೆ," ಅಂದೆ. ನನ್ನ ಚಿತ್ರದಲ್ಲಿ ಮಗುವೇ ಇರಲಿಲ್ಲ.

"ಆಮೇಲೆ?"

"ಬೂದಿರಾಣಿ ಅದನ್ನ ಎತ್ತಿಕೊಳ್ತಾಳೆ."

"ಮುಟ್ಟಿದ್ರೆ ಬೂದಿ ಅಲ್ವಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗತಿ ನನ್ನದು. "ಆಗಲ್ಲ," ಅಂದೆ. "ಮಗುನ ನೋಡಿ ಅವಳಿಗೆ ಪ್ರೀತಿ ಬಂತು. ಅದಕ್ಕೆ ಬೂದಿ ಆಗಲ್ಲ."

"ಆ ಕಥೆ ಬರೆಯೋನಿಗೆ ತಲೆ ಕೆಟ್ಟಿದ್ಯಾ?" ಅಂತ ಕೇಳಿದಳು.

"ಇರಬಹುದು," ಅಂದೆ.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದು ನನ್ನ ದಡ್ಡತನ. ಊಟಕ್ಕೆ ಕೂರಿಸಿದರೆ, "ಆ ಮಗುನ ಎಲ್ಲಿಗೆ ಕರ್ಕೊಂಡು ಹೋದ್ಲು?" ಅಂದಳು. ಮುಂದಿನ ವಾರದ್ದು ಇನ್ನೂ ಬಂದಿಲ್ಲ ಅಂದರೆ, "ಅಲ್ಲಿವರೆಗೆ ಮಗು ಉಪವಾಸ ಇರುತ್ತಾ? ನಿಂಗೆ ಗೊತ್ತಿರೋದು ಹೇಳು," ಅಂದಳು. ಹೀಗಾಗಿ ನಾನು ಹೇಳುತ್ತಾ ಹೋದೆ. ಬೂದಿರಾಣಿ ಮಗುವನ್ನು ಎತ್ತಿಕೊಂಡು ನಿದ್ದೆಹೋದ ನಗರವೊಂದನ್ನು ದಾಟಿದಳು. ಅಲ್ಲಿನ ಗಡಿಯಾರಗಳೆಲ್ಲ ಮಲಗಿದ್ದವು. ಅವಳು ಹೆಜ್ಜೆ ಇಟ್ಟಲ್ಲಿ ಬೂದಿಯ ಬದಲು ಬಿಳಿ ಹೂ ಉದುರುತ್ತಿತ್ತು. ಚಿಕ್ಕಮ್ಮ ದಿಂಬಿಗೊರಗಿ, ಬಾಯಿ ಸ್ವಲ್ಪ ತೆರೆದು ಕೇಳುತ್ತಿದ್ದಳು. ಮೇಜಿನ ಮೇಲೆ ಮಸಿ ಕುಡಿದ ಕುಂಚ ಒಣಗುತ್ತಿತ್ತು. ಎಷ್ಟೋ ಸಲ ಅವಳ ಬಾಯಿಗೆ ತುತ್ತು ಇಡುವಾಗ ಇದು ಯಾರ ಬಾಯಿ, ಇವಳದೋ ಆ ಇನ್ನೊಬ್ಬಳದೋ ಅಂತ ನನಗೇ ತಿಳಿಯದಾಗುತ್ತಿತ್ತು. ಮಧ್ಯಾಹ್ನ ಉದ್ದವಾಗಿತ್ತು. ನಾನು ಯಾವುದನ್ನೂ ಅವಸರ ಮಾಡಲಿಲ್ಲ.

ಮರುದಿನ, ಶುಕ್ರವಾರ, ಅವಳೇ ತಕರಾರು ತೆಗೆದಳು. ಬೂದಿರಾಣಿಯ ಕೈ ತಣ್ಣಗಾಗಿ, ಹೂವಿನಷ್ಟು ಮೆತ್ತಗಾಯಿತು ಅಂತ ನಾನು ಹೇಳುತ್ತಿದ್ದೆ.

"ಅಂದ್ರೆ ಶಕ್ತಿ ಹೋಯ್ತಾ?" ಅಂದಳು.

"ಹೋಯ್ತು. ಒಳ್ಳೆಯವಳಾದ್ಲಲ್ಲ."

"ಹಾಗಾದ್ರೆ ಅವಳು ಯಾತಕ್ಕೆ ಬೇಕು? ಒಳ್ಳೆಯವಳಾದ ತಕ್ಷಣ ಕೈ ಕಟ್ಟಿ ಮೂಲೆಗೆ ಕೂರಿಸಿದ ಹಾಗಾಯ್ತು. ಪ್ರೀತಿ ಬಂದ್ರೆ ಕೈ ಇನ್ನೂ ಕಾಯುತ್ತೆ ಕಣೇ, ಆರಲ್ಲ. ಏನು ಸುಡಬೇಕು, ಏನು ಸುಡಬಾರದು ಅಂತ ಆ ಕೈಗೆ ತಿಳಿಯುತ್ತೆ, ಅಷ್ಟೇ."

"ಒಳ್ಳೆಯವಳು ಏನನ್ನ ಸುಡ್ತಾಳೆ?"

ಅವಳು ಉತ್ತರಕ್ಕೆ ಹುಡುಕಾಡಲಿಲ್ಲ. ಬಟ್ಟೆಯ ಸುಕ್ಕು ಬಿಡಿಸುವ ಹಾಗೆ ಹೊದಿಕೆಯನ್ನು ಅಂಗೈಯಿಂದ ಸವರುತ್ತಾ ಹೇಳಿದಳು. "ಮಗು ಹತ್ರ ಒಂದು ಕಂಬಳಿ ಇರುತ್ತೆ ಅಂತಿಟ್ಕೋ. ಅದನ್ನ ಹೊದ್ದುಕೊಂಡೇ ಒಬ್ಬರು ಸತ್ತಿರ್ತಾರೆ, ಎದೆ ಕಾಯಿಲೆಯಿಂದ. ಅದನ್ನ ಯಾರೂ ಮುಟ್ಟಲ್ಲ, ಬಿಸಾಕೋಕೂ ಹೆದರ್ತಾರೆ. ಮಗು ಮಾತ್ರ ದಿನಾ ಅದರಲ್ಲೇ ಮುಖ ಇಟ್ಕೊಂಡು ಮಲಗುತ್ತೆ. ಒಂದು ದಿನ ಮಗುನೂ ಕೆಮ್ಮೋಕೆ ಶುರು ಮಾಡುತ್ತೆ. ಆಗ ರಾಣಿ ಏನು ಮಾಡ್ಬೇಕು? ಸುಡ್ತಾಳೆ. ಮಗು ಉರಿಯೋ ಕಂಬಳಿನ ಒಲೆಯಿಂದ ಎಳ್ಕೊಳ್ಳೋಕೆ ಬರುತ್ತೆ, ಅದರ ಕೈಯಿಂದ ಕಿತ್ತು ಮತ್ತೆ ಒಳಗೆ ತುರುಕ್ತಾಳೆ. ರಾಕ್ಷಸಿ ಅನ್ನುತ್ತೆ ಮಗು. ಅನ್ನಲಿ. ಕೆಮ್ಮು ನಿಂತ್ರೆ ಸಾಕು."

ನಾನು ಎದ್ದು ಕಿಟಕಿಯ ಹತ್ತಿರ ಹೋದೆ. ಪರದೆಯ ಅಂಚು ಹಿಡಿದು ನಿಂತೆ. ನಾನು ಕೆಮ್ಮುತ್ತಿದ್ದದ್ದು ನನಗೆ ನೆನಪೇ ಇಲ್ಲ. ಕಂಬಳಿಯ ಬಣ್ಣ ನೆನಪಿದೆ, ಅದರ ಅಂಚಿನ ದಾರ ನೆನಪಿದೆ, ಅದು ಸುಡುವಾಗಿನ ವಾಸನೆ ನೆನಪಿದೆ. ಬೇಕಾದದ್ದನ್ನೆಲ್ಲ ಜೋಪಾನ ಮಾಡಿ, ಕೆಮ್ಮನ್ನು ಮಾತ್ರ ಕಳೆದುಕೊಂಡಿದ್ದೆ. ನನಗೆ ನನ್ನ ಮೇಲೆ ಬಂದಷ್ಟು ಸಿಟ್ಟು ಬೇರೆ ಯಾರ ಮೇಲೂ ಎಂದೂ ಬಂದಿರಲಿಲ್ಲ.

"ಚಿಕ್ಕಮ್ಮ, ಬೂದಿರಾಣಿ ಯಾರು ಅಂತ ನಿಂಗೆ ಗೊತ್ತಿತ್ತಾ?"

"ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ಮೊದಲನೇ ವಾರನೇ ಗೊತ್ತಾಯ್ತು. ಥೇಟ್ ನಾನು ನಿಲ್ಲೋ ಹಾಗೇ ನಿಂತಿದ್ಲು."

"ಮತ್ತೆ ಇಷ್ಟು ವರ್ಷ ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ನೀನು ಬರೆಯೋದೇ ನಿಲ್ಲಿಸಿಬಿಡ್ತಿದ್ದೆ. ವಾರಾ ವಾರಾ ಕೂತು ನನ್ನ ಬಗ್ಗೆನೇ ಯೋಚನೆ ಮಾಡ್ತಿದ್ದೆಯಲ್ಲ, ಅಷ್ಟಾದ್ರೂ ಇರಲಿ ಅಂತ ಸುಮ್ನಿದ್ದೆ." ಮತ್ತೆ ಏನೋ ನೆನಪಾದವಳಂತೆ, "ಮುಂದಿನ ಶುಕ್ರವಾರ ಕಟ್ಟು ಬಿಚ್ತಾರಲ್ಲ, ಹೊಸ ಪತ್ರಿಕೆ ತೆಗೆದಿಡು. ಆ ಮಗುನ ನಾನೇ ಕಣ್ಣಾರೆ ನೋಡ್ತೀನಿ," ಅಂದಳು.

ಶನಿವಾರ ಕಚೇರಿಯಿಂದ ಮುಂದಿನ ಸಂಚಿಕೆಯ ಪುಟಗಳು ಬಂದವು. ನಮ್ಮಲ್ಲಿ ಕೆಲಸ ನಡೆಯುವುದು ತಲೆಕೆಳಗಾಗಿ. ಮೊದಲು ಅಕ್ಷರ ಬರೆಯುವ ಅಜ್ಜ ಖಾಲಿ ಹಾಳೆಯ ಮೇಲೆ ಚೌಕ ಹಾಕಿ, ಮಾತಿನ ಗುಳ್ಳೆಗಳನ್ನು ಬರೆದು, ಒಳಗೆ ಮಾತುಗಳನ್ನು ದುಂಡಗೆ ತುಂಬುತ್ತಾರೆ. ಸಂಪಾದಕರು ಆ ಮಾತುಗಳನ್ನು ಓದಿ ಪ್ರತಿ ಪುಟದ ಮೂಲೆಗೂ ಒಪ್ಪಿಗೆಯ ಮೊಹರು ಒತ್ತುತ್ತಾರೆ. ಆಮೇಲೆ ಹಾಳೆ ನನಗೆ ಬರುತ್ತದೆ, ಯಾವ ಚೌಕದಲ್ಲಿ ಏನಾಗಬೇಕು ಅನ್ನುವ ಚೀಟಿಯ ಜೊತೆ. ಗುಳ್ಳೆಗಳ ಸುತ್ತ ಉಳಿದ ಜಾಗದಲ್ಲಿ ನಾನು ಜನರನ್ನು ಬರೆಯಬೇಕು, ಗುಳ್ಳೆಗೆ ಬಾಲ ಎಳೆದು ಮಾತಾಡುವವರ ಬಾಯಿಗೆ ಮುಟ್ಟಿಸಬೇಕು. ಮೊಹರು ಬಿದ್ದ ಮಾತನ್ನು ತಿದ್ದುವ ಹಾಗಿಲ್ಲ. ಚಿತ್ರವನ್ನು ಅಚ್ಚಿಗೆ ಮುಂಚೆ ಯಾರೂ ನೋಡುವುದೂ ಇಲ್ಲ. ಸಂಪಾದಕರ ನಂಬಿಕೆಯಲ್ಲಿ ತಪ್ಪು ಅಂದರೆ ಕಾಗುಣಿತದ್ದು ಮಾತ್ರ.

ಕೊನೆಯ ಪುಟದ ಚೀಟಿಯನ್ನು ಎರಡೆರಡು ಸಲ ಓದಿದೆ. ಬೂದಿರಾಣಿ ಮಗುವೊಂದನ್ನು ಕದ್ದು, ಪಾಳುಬಿದ್ದ ಕಾರ್ಖಾನೆಯ ಕಬ್ಬಿಣದ ಬಾಗಿಲ ಹಿಂದೆ ಕೂಡಿಹಾಕುತ್ತಾಳೆ. ಉಕ್ಕಣ್ಣ ಬಂದು ಅವಳನ್ನು ಕುಲುಮೆಗೆ ಎಸೆಯುತ್ತಾನೆ. ಈ ಸಲ ತಿಮಿಂಗಿಲವಿಲ್ಲ, ಮಂಜುಗಡ್ಡೆಯಿಲ್ಲ. ಸಾಯುತ್ತಾಳೆ.

ಕಥೆ ಬರೆಯುವವನಿಗೆ ಫೋನ್ ಮಾಡಿದೆ. ನಾವು ಅವನನ್ನು ಢಮಾರಪ್ಪ ಅನ್ನುತ್ತೇವೆ, ಪುಟಕ್ಕೊಂದು ಢಮಾರ್ ಇಲ್ಲದಿದ್ದರೆ ಅವನಿಗೆ ನಿದ್ದೆ ಬರುವುದಿಲ್ಲ.

"ಅವಳು ಹಳಬಳಾದ್ಲು," ಅಂದ. "ಹೊಸಬಳು ಬರ್ತಾಳೆ, ಹಾವಿನ ಕೂದಲು. ನಿಮಗೂ ಬದಲಾವಣೆ ಇರುತ್ತೆ."

"ಅವಳನ್ನ ಒಳ್ಳೆಯವಳು ಮಾಡಬಹುದಲ್ಲ? ಆ ಮಗು ಮೇಲೆ ಪ್ರೀತಿ ಬರುತ್ತೆ, ಅದರಿಂದ ಅವಳ ಶಕ್ತಿ ಹೆಚ್ಚುತ್ತೆ."

"ಇಪ್ಪತ್ತೊಂದು ವರ್ಷ ನೀವೇ ಅವಳನ್ನ ಕೆಟ್ಟೋಳು ಅಂತ ಬರೆದಿದ್ದೀರಿ. ಈಗೇನು ಇದ್ದಕ್ಕಿದ್ದ ಹಾಗೆ?"

ಫೋನ್ ಇಟ್ಟೆ.

ಮಂಗಳವಾರ ಬೆಳಿಗ್ಗೆ ಪುಟಗಳು ಅಚ್ಚಿಗೆ ಹೋಗಬೇಕು. ಉಳಿದ ಪುಟಗಳಲ್ಲಿ ಬರೀ ಉಕ್ಕಣ್ಣನ ಓಡಾಟ, ಅವನ್ನು ಶನಿವಾರ ರಾತ್ರಿಯೇ ಮುಗಿಸಿದ್ದೆ. ಭಾನುವಾರವೆಲ್ಲ ನಾನು ಕೊನೆಯ ಪುಟದ ಮುಂದೆ ಕೂತಿದ್ದೆ. ಇದುವರೆಗೆ ಅವಳನ್ನು ಸೋಲಿಸಿದ್ದು ತಿಳಿಯದ ಮಗುವಿನ ಸಿಟ್ಟು, ಹೋಗಲಿ. ಈಗ ತಿಳಿದೂ ತಿಳಿದೂ ಕೊಂದರೆ? ಶುಕ್ರವಾರ ಅವಳು ಕಣ್ಣು ಬಿಟ್ಟು ಮೊದಲು ನೋಡುವುದು ಇದನ್ನೇ. ಏನೂ ಅನ್ನುವುದಿಲ್ಲ, ನನಗೆ ಗೊತ್ತು. ಮಡಚಿ ಪಕ್ಕಕ್ಕಿಟ್ಟು, ಊಟ ಆಯ್ತಾ ಅನ್ನುತ್ತಾಳೆ.

ಚಿಕ್ಕಮ್ಮ ಮಧ್ಯಾಹ್ನದ ನಿದ್ದೆಯಲ್ಲಿದ್ದಳು. ಕೋಣೆಯ ಕಂದು ಬೆಳಕು ನನ್ನ ಕಣ್ಣನ್ನೂ ಎಳೆಯುತ್ತಿತ್ತು. ಆಗ ಬೂದಿರಾಣಿ ಎರಡನೇ ಚೌಕದ ಗೆರೆಯ ಮೇಲೆ ಮೊಣಕೈ ಊರಿ ಹೊರಗೆ ಬಾಗಿದಳು. ತೋಳು ಮಡಚಿತ್ತು, ಒಂದು ಹುಬ್ಬು ಮೇಲಿತ್ತು. ನನ್ನ ಕಡೆ ನೋಡಲಿಲ್ಲ. ಉಕ್ಕಣ್ಣನ ತಲೆಯ ಮೇಲೆ ತೇಲಬೇಕಾದ ಗುಳ್ಳೆಯನ್ನು ಓದಿದಳು, ಒಣಹಾಕಿದ ಬಟ್ಟೆ ಒಣಗಿದೆಯೇ ಅಂತ ಮುಟ್ಟಿ ನೋಡುವವಳ ಹಾಗೆ ಅದರ ಅಂಚನ್ನು ಮುಟ್ಟಿದಳು. ಗುಳ್ಳೆ ಬೂದಿಯಾಗಲಿಲ್ಲ. ಅದರ ಬಾಲವನ್ನು ಎರಡು ಬೆರಳಲ್ಲಿ ಹಿಡಿದು ತನ್ನ ಬಾಯಿಯ ಕಡೆ ಎಳೆದುಕೊಂಡಳು.

ನಾನು ತಲೆ ಎತ್ತಿದಾಗ ಕೆನ್ನೆಗೆ ಹಾಳೆ ಅಂಟಿತ್ತು. ಎದುರಿಗೆ ಅದೇ ನಾಲ್ಕು ಗುಳ್ಳೆಗಳು, ಅಜ್ಜನ ಅದೇ ದುಂಡು ಅಕ್ಷರ. ಬಾಲ ಎಳೆಯುವವಳು ನಾನು. ಇಪ್ಪತ್ತೊಂದು ವರ್ಷ ಆ ಕೆಲಸ ಮಾಡಿಯೂ ಅದು ಎಂಥ ಅಧಿಕಾರ ಅಂತ ನನಗೆ ಹೊಳೆದಿರಲಿಲ್ಲ.

ಮೊದಲ ಗುಳ್ಳೆ: ಹೆದರಬೇಡ ಮಗು, ನಾನು ಬಂದಿದ್ದೇನೆ. ಉಕ್ಕಣ್ಣನ ಮಾತು ಅದು. ಬಾಲವನ್ನು ಬೂದಿರಾಣಿಗೆ ಎಳೆದೆ. ಕಾರ್ಖಾನೆಯ ಕತ್ತಲಲ್ಲಿ ಮಗು, ಅದರ ಮುಂದೆ ಮಂಡಿಯೂರಿದ ಅವಳು. ಎರಡನೆಯದು: ಇಲ್ಲಿಂದ ಯಾರೂ ಹೊರಗೆ ಹೋಗಲಾರರು. ಅದು ಬೂದಿರಾಣಿಯ ಗರ್ಜನೆಯಾಗಬೇಕಿತ್ತು. ಉಕ್ಕಣ್ಣನಿಗೆ ಕೊಟ್ಟೆ. ಬಾಗಿಲಿಗೆ ಎದೆ ಹಾಯಿಸಿ ಹಾಯಿಸಿ ಸೋತು, ಹೊರಗೆ ತಲೆ ಮೇಲೆ ಕೈ ಹೊತ್ತು ಕೂತ ಉಕ್ಕಣ್ಣ. ಅವನ ಬಾಳಿನಲ್ಲೇ ಅಷ್ಟು ನಿಜವಾದ ಮುಖ ನಾನು ಬರೆದಿರಲಿಲ್ಲ. ಮೂರನೆಯದು: ಈ ಕೈ ಇರುವವರೆಗೆ ನಿನಗೆ ಏನೂ ಆಗುವುದಿಲ್ಲ. ಉಕ್ಕಣ್ಣನ ಆ ಮಾತನ್ನೂ ಅವಳಿಗೇ ಕೊಟ್ಟೆ, ಆ ಚಿತ್ರ ಬರೆಯಲು ಸೋಮವಾರವಿಡೀ ಹಿಡಿಯಿತು. ಮಗುವನ್ನು ಎಡಗೈಯಲ್ಲಿ ಎದೆಗವಚಿಕೊಂಡು, ಬಲಗೈಯನ್ನು ಕಬ್ಬಿಣದ ಬಾಗಿಲಿಗೆ ಒತ್ತಿದ್ದಾಳೆ. ಬಾಗಿಲು ಬೂದಿಯಾಗಿ ಉದುರುತ್ತಿದೆ. ಮಗುವಿನ ಒಂದು ಕೂದಲೂ ಸುಟ್ಟಿಲ್ಲ. ಆ ಕೈಗೆ ತಿಳಿದಿದೆ.

ನಾಲ್ಕನೇ ಗುಳ್ಳೆಯಲ್ಲಿ ಮಾತ್ರ ಸಿಕ್ಕಿಬಿದ್ದೆ. ಅಯ್ಯೋ, ನಾನು ಸತ್ತೆ. ಇದನ್ನು ಯಾರ ಬಾಯಿಗೆ ಹಾಕಿದರೂ ಒಬ್ಬರು ಸಾಯಬೇಕು. ಹಾವೂ ಸಾಯದ ಹಾಗೆ, ಕೋಲೂ ಮುರಿಯದ ಹಾಗೆ ಏನಾದರೂ ಮಾಡಬಹುದೇ ಅಂತ ನೋಡಿದೆ, ಆಗಲಿಲ್ಲ. ಕೋಲು ಮುರಿಯಲಿ ಅಂತ ಬಿಳಿ ಬಣ್ಣ ತೆಗೆದುಕೊಂಡು, ಮೊಹರು ಬಿದ್ದ ಪುಟದಲ್ಲಿ ಅಜ್ಜನ ಅಕ್ಷರಗಳ ಮೇಲೆ ಬಳಿದೆ. ಗುಳ್ಳೆ ಖಾಲಿಯಾಯಿತು. ಬೆಳಕಿಗೆ ಬಂದು ಅವಳ ಮುಖ ನೋಡುತ್ತಿರುವ ಮಗುವಿಗೆ ಅದರ ಬಾಲ ಎಳೆದೆ. ಒಳಗೆ ಏನು ಬರೆಯಬೇಕೋ ತಿಳಿಯಲಿಲ್ಲ. ಮಂಗಳವಾರ ಹಾಗೆಯೇ ಕಳಿಸಿದೆ.

ಗುರುವಾರ ಢಮಾರಪ್ಪ ಫೋನಿನಲ್ಲಿ ಕೂಗಾಡಿದ. ಕೂಗಾಟದ ಮಧ್ಯೆ ಅವನ ಮಗಳು ಆ ಪುಟವನ್ನು ಕತ್ತರಿಸಿ ಗೋಡೆಗೆ ಅಂಟಿಸಿದ್ದಾಳೆ ಅನ್ನುವುದನ್ನೂ ಹೇಳಿದ, ಅದೂ ನನ್ನದೇ ತಪ್ಪು ಅನ್ನುವ ಹಾಗೆ. ಸಂಪಾದಕರು ಸೋಮವಾರ ಬಂದು ಕಾಣಲು ಹೇಳಿಕಳಿಸಿದ್ದರು. ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿರಲಿಲ್ಲ. ಅಕ್ಷರದ ಅಜ್ಜ ಮಾತ್ರ ಫೋನ್ ಮಾಡಿ, "ನನ್ನ ಮೂರು ಪದ ನುಂಗಿಬಿಟ್ಟೆಯಲ್ಲಮ್ಮ," ಅಂತ ನಕ್ಕರು.

ಶುಕ್ರವಾರ ಕಟ್ಟು ಬಿಚ್ಚಿದರು. ಬಲಗಣ್ಣು ಚೆನ್ನಾಗಿತ್ತು, ಎಡಗಣ್ಣು ಮಂಜು, ತಿಂಗಳಲ್ಲಿ ತಿಳಿಯಾಗಬಹುದು ಅಂದರು ಡಾಕ್ಟರು. ಮನೆಗೆ ಬಂದವಳು ಚಪ್ಪಲಿ ಬಿಟ್ಟು ನೇರ ಕಿಟಕಿಯ ಹತ್ತಿರ ಕೂತು ಕೈ ಚಾಚಿದಳು. ಪತ್ರಿಕೆ ಕೊಟ್ಟೆ. ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಒಂದೊಂದೇ ಚೌಕದ ಮೇಲೆ ಬೆರಳಿಟ್ಟು ಓದಿದಳು. ನಾನು ಮೇಜಿನ ಹತ್ತಿರ ನಿಂತು ಕುಂಚ ತೊಳೆಯುವ ನೆಪ ಮಾಡಿದೆ.

ಕೊನೆಯ ಪುಟದಲ್ಲಿ ಅವಳ ಬೆರಳು ಬಹಳ ಹೊತ್ತು ನಿಂತಿತು.

"ಚೆನ್ನಾಗಿ ಕಾದಿದೆ ಕೈ," ಅಂದಳು. ಆಮೇಲೆ, "ಇದ್ಯಾಕೆ ಖಾಲಿ?"

"ಮಗು ಏನು ಹೇಳ್ಬೇಕು ಅಂತ ನನಗೆ ಗೊತ್ತಾಗ್ಲಿಲ್ಲ."

"ಅಷ್ಟು ದೊಡ್ಡ ಬಾಗಿಲು ಸುಟ್ಟಿದ್ದಾಳೆ. ಒಂದು ಮಾತು ಕೇಳಬಾರದಾ ಅದು?"

"ಏನಂತ?"

ಅವಳು ಪತ್ರಿಕೆಯನ್ನು ಮಡಿಲಲ್ಲಿಟ್ಟು, ಅದರ ಮೇಲೆ ಎರಡೂ ಕೈ ಇಟ್ಟು, ಹೊರಗಿನ ಬೆಳಕಿಗೆ ಕಣ್ಣು ಹೊಂದಿಸಿಕೊಳ್ಳುತ್ತಾ ಕೂತಳು. ಆ ಕೈಗಳನ್ನು ನಾನು ಸಾವಿರಾರು ಸಲ ಬರೆದಿದ್ದೇನೆ. ಒಂದು ಸಲವೂ ಹಿಡಿದು ನೋಡಿರಲಿಲ್ಲ. ಹತ್ತಿರ ಹೋಗಿ ನೆಲದ ಮೇಲೆ ಕೂತು, ಬಲಗೈಯನ್ನು ಎತ್ತಿ ತಿರುಗಿಸಿದೆ. ಹೆಬ್ಬೆರಳ ಬುಡದಿಂದ ಕಿರುಬೆರಳವರೆಗೆ ಚರ್ಮ ನುಣ್ಣಗೆ ಮಿನುಗುತ್ತಿತ್ತು, ಅಲ್ಲಿ ರೇಖೆಗಳೇ ಇರಲಿಲ್ಲ. ಇಸ್ತ್ರಿಪೆಟ್ಟಿಗೆಯ ಸಣ್ಣಪುಟ್ಟ ಗಾಯಗಳು ಹಾಗಿರುವುದಿಲ್ಲ.

"ಆವತ್ತು ಕೈ ಸುಟ್ಟಿತ್ತಾ?" ಅಂತ ಕೇಳಿದೆ.

"ಹೂಂ."

"ತುಂಬಾನಾ?"

"ಹದಿನೈದು ದಿನ ನಿಂಗೆ ಜಡೆ ಹಾಕೋಕೆ ಆಗಿರ್ಲಿಲ್ಲ," ಅಂದಳು. "ನೀನು ಕೂದಲು ಕೆದರ್ಕೊಂಡೇ ಸ್ಕೂಲಿಗೆ ಹೋಗ್ತಿದ್ದೆ. ನಂಗೆ ಅದೇ ಸಂಕಟ."

ಆ ಹದಿನೈದು ದಿನ ನನಗೆ ಚೆನ್ನಾಗಿ ನೆನಪಿತ್ತು. ನನ್ನ ತಲೆ ಮುಟ್ಟಲು ಅವಳಿಗೆ ಅಸಹ್ಯ ಅಂತ ತಿಳಿದಿದ್ದೆ.

"ಇನ್ನೂ ನೋಯುತ್ತಾ?" ಅಂದೆ.

"ಈಗೆಲ್ಲಿ," ಅಂದಳು. ಆದರೆ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.